ಹೊಳಿಯಮ್ಮ ಗಂಗಾವತಿಗೆ ಹೋಗಿ ಅನ್ನ ಉಂಡದ್ದು

ತಳಕಲ್ಲಿನ ಹೊಳಿಯಮ್ಮ ಅನ್ನವನ್ನು ಊಟವೆಂದು ಒಪ್ಪಿದವಳಲ್ಲ. ಜ್ವರ ಬಂದವರಿಗೆ ಗಂಜಿ ಬೇಕು, ದೇವರಿಗೆ ಎಡೆ ಬೇಕು, ಹಲ್ಲು ಹೋದ ಮುದುಕರಿಗೆ ಏನಾದರೊಂದು ಬೇಕು. ಅಷ್ಟಕ್ಕೆ ಅಕ್ಕಿ ಇರಲಿ ಎಂಬುದು ಅವಳ ಮತ. ಮದುವೆ ಊಟಕ್ಕೆ ಕೂತರೆ ಗೋಧಿ ಹುಗ್ಗಿ ಮುಗಿಯುವ ತನಕ ಇರುತ್ತಿದ್ದಳು. ಅನ್ನದ ಬುಟ್ಟಿ ಸಾಲಿನ ಆ ತುದಿಗೆ ಕಂಡಕೂಡಲೇ ಎದ್ದು ಕೈ ತೊಳೆಯುತ್ತಿದ್ದಳು. ಸಾಲಿನ ನಡುವೆ ಹಾಗೆ ಏಳಬಾರದು ಎಂದು ಯಾರಾದರೂ ಅಂದರೆ, "ನನ್ನ ಊಟ ಮುಗೀತು. ಇನ್ನ ಬರೋದು ನಿಮ್ಮದು" ಅನ್ನುತ್ತಿದ್ದಳು.

ಅವಳು ಬಡಿದ ಜೋಳದ ರೊಟ್ಟಿ ಓಣಿಗೆಲ್ಲ ಗೊತ್ತು. ಬೆಳಕಿಗೆ ಹಿಡಿದರೆ ಆಚೆ ಕೂತವರು ಯಾರೆಂದು ಕಾಣಿಸುತ್ತದೆ ಎಂದು ಅವಳೇ ಹೇಳುತ್ತಿದ್ದಳು. ಹಿಡಿದು ನೋಡಿದವರಿಲ್ಲ. ಹೊಳಿಯಮ್ಮ ಹೇಳಿದ ಮೇಲೆ ಮತ್ತೆ ನೋಡುವುದೇನಿದೆ?

ಇಂಥವಳ ಮನೆಗೆ ಗಂಗಾವತಿಯ ಹೆಣ್ಣು ಬಂದದ್ದು ಅವಳ ಗಂಡನಿಂದ. ಎತ್ತು ಕೊಳ್ಳಲು ಹೋದವನು ಅಲ್ಲಿ ಯಾರದೋ ಮನೆಯಲ್ಲಿ ಬಿಸಿ ಅನ್ನ ಉಂಡು, ಮನಸ್ಸು ಸೋತು, ಎತ್ತು ಬಿಟ್ಟು ಮಗನ ಸಂಬಂಧ ಕುದುರಿಸಿಕೊಂಡು ಬಂದಿದ್ದ. ಮಗ ವೆಂಕೋಬನ ಮದುವೆಯಾದ ವರ್ಷವೇ ಗಂಡ ತೀರಿಕೊಂಡ. ಈ ಎರಡರಲ್ಲಿ ಹೊಳಿಯಮ್ಮನಿಗೆ ಯಾವುದಕ್ಕೆ ಹೆಚ್ಚು ಸಿಟ್ಟು ಬಂದಿತ್ತೋ ಹೇಳುವುದು ಕಷ್ಟ.

ಸೊಸೆ ಯಮನೂರಮ್ಮ ಚುರುಕಿನ ಹುಡುಗಿ. ಕಸ, ಮುಸುರೆ, ಹೊಲ, ದನ ಎಲ್ಲಕ್ಕೂ ಮುಂದು. ರೊಟ್ಟಿಗೆ ಮಾತ್ರ ಹಿಂದು. ಅನ್ನ ಉಂಡು ಬೆಳೆದ ಕೈ, ಹಿಟ್ಟಿನ ಮೇಲೆ ಎಲ್ಲಿ ಬಲ ಬಿಡಬೇಕು, ಎಲ್ಲಿ ಹಿಡಿಯಬೇಕು ತಿಳಿಯುತ್ತಿರಲಿಲ್ಲ. ಅವಳ ರೊಟ್ಟಿ ನಡುವೆ ದಪ್ಪ, ಅಂಚಿಗೆ ಹರಕು. ಹೊಳಿಯಮ್ಮ ಒಂದು ದಿನ ಅಂಥದೊಂದು ರೊಟ್ಟಿಯನ್ನು ಮೊರದಲ್ಲಿಟ್ಟುಕೊಂಡು, ಕಾಳು ಹಂಚುವವಳ ಹಾಗೆ ಓಣಿಯ ಮನೆ ಮನೆಗೆ ಹೋಗಿ ತೋರಿಸಿ ಬಂದಳು. ಸೊಸೆಗೆ ಒಂದು ಮಾತೂ ಬೈಯಲಿಲ್ಲ. ಬೈದರೆ ಪಾಪ, ಹುಡುಗಿ ನೊಂದುಕೊಂಡೀತು ಎಂದು ಸುಮ್ಮನಿದ್ದಳು.

ಯಮನೂರಮ್ಮ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. ಮಾರನೆಯ ದಿನ ಗಂಗಾವತಿ ಕಡೆ ಹೊರಟಿದ್ದ ನೆಂಟರ ಗಾಡಿ ಹತ್ತಿ ತವರಿಗೆ ಹೋದಳು. ಹೋಗುವ ಮುಂಚೆ ದನಕ್ಕೆ ನೀರು ಕುಡಿಸಿದ್ದಳು, ನೀರು ತುಂಬಿಟ್ಟಿದ್ದಳು. ಹಾಗಾಗಿ ಅವಳು ಹೋದದ್ದು ಮಧ್ಯಾಹ್ನದ ತನಕ ಯಾರಿಗೂ ತಿಳಿಯಲಿಲ್ಲ.

ಕರೆತರಲು ವೆಂಕೋಬ ಹೋದ. ಮೂರನೆಯ ದಿನ ಒಬ್ಬನೇ ಬಂದ.

"ಏನಂದ್ರೋ?" ಎಂದು ಹೊಳಿಯಮ್ಮ ಕೇಳಿದಳು.

"ಅನ್ನ ಭಾಳ ಛಲೋ ಇತ್ತು ಯವ್ವಾ."

"ಆಕಿ ಏನಂದ್ಳು?"

"ಆಕಿ ಬಡಸಾಕ ಬರಲಿಲ್ಲ."

ಎರಡನೆಯ ಸಲ ಹೋದಾಗ ಅನ್ನದ ಜತೆಗೆ ಒಂದು ಮಾತೂ ಸಿಕ್ಕಿತು. ಯಮನೂರಮ್ಮನ ತಾಯಿ ಫಕೀರಮ್ಮ ಹೇಳಿ ಕಳಿಸಿದ್ದಳು: "ರೊಟ್ಟಿ ಹೊತ್ತು ಓಣಿ ತಿರುಗಿದಾಕಿಗೆ ಕಾಲು ಅದಾವ. ಆಕಿನ ಬಂದು ಕರೀಲಿ." ಹೊಳಿಯಮ್ಮ ಇದನ್ನು ಕೇಳಿ, ಗಂಗಾವತಿಯ ಹೆಂಗಸರಿಗೆ ಮರ್ಯಾದೆ ಇಲ್ಲ, ಅನ್ನದಿಂದ ನಾಲಿಗೆ ಮೆತ್ತಗಾಗಿ ಎತ್ತ ಬೇಕಾದತ್ತ ಹೊರಳುತ್ತದೆ ಎಂದು ತೀರ್ಮಾನಿಸಿದಳು. ಹೋಗುವ ಮಾತೆತ್ತಲಿಲ್ಲ.

ಸುಗ್ಗಿ ಮುಗಿದ ಮೇಲೆ ಬಳೆ ಮಾರುವ ರಜಿಯಾಬೇಗಂ ಬಂದಳು. ಆ ಸೀಮೆಯ ಊರೂರು ಸುತ್ತುವ ಹೆಂಗಸು, ಬಳೆಗಿಂತ ಸುದ್ದಿ ಹೆಚ್ಚು ಹೊತ್ತಿರುತ್ತಿದ್ದಳು.

"ಹೊಳಿಯವ್ವಾ, ನಿನ್ನ ಸೊಸಿದು ಅಲ್ಲಿ ಉಡಿಕಿ ಮಾತು ನಡದೈತಿ. ಅಕ್ಕಿ ಗಿರಣ್ಯಾಗ ದುಡಿಯಾಂವ ಒಬ್ಬ ಅದಾನ, ಹೆಂಡತಿ ಸತ್ತಾಳ. ಮುಂದಿನ ತಿಂಗಳ ಹಿರಿಯರು ಕೂಡತಾರಂತ."

ಅವರ ಮಂದಿಯಲ್ಲಿ ಉಡಿಕೆ ಹೊಸದಲ್ಲ. ಗಂಡನ ಮನೆ ಬಿಟ್ಟವಳಿಗೆ ಹಿರಿಯರು ಕೂತು ಒಪ್ಪಿದರೆ ಮತ್ತೊಬ್ಬ ಸೀರೆ ಉಡಿಸಿ ಕರೆದುಕೊಂಡು ಹೋಗುತ್ತಾನೆ. ಅಲ್ಲಿಗೆ ಮೊದಲಿನ ಮನೆಯ ಲೆಕ್ಕ ಮುಗಿಯಿತು. ಆ ದಿನದಿಂದ ವೆಂಕೋಬನ ಊಟ ಅರ್ಧಕ್ಕೆ ಬಂತು. ಬುಟ್ಟಿಯಲ್ಲಿ ರೊಟ್ಟಿ ಉಳಿಯತೊಡಗಿದವು. ತನ್ನ ಕೈಯ ರೊಟ್ಟಿ ಉಳಿಯುವುದನ್ನು ಹೊಳಿಯಮ್ಮ ಜೀವಮಾನದಲ್ಲಿ ಕಂಡಿರಲಿಲ್ಲ.

ಇನ್ನೂ ಒಂದಿತ್ತು. ಆ ಹುಡುಗಿ ಇದ್ದಾಗ ಮನೆಯಲ್ಲಿ ಆಗಾಗ ನಗುವ ಸದ್ದು ಕೇಳುತ್ತಿತ್ತು. ದನಕ್ಕೆ ಏನೋ ಹೇಳಿ ತಾನೇ ನಗುತ್ತಿದ್ದಳು. ಈಗ ದನ ಇದ್ದವು, ನಗು ಇರಲಿಲ್ಲ. ಹೊಳಿಯಮ್ಮನಿಗೆ ಸೊಸೆ ಬೇಕಾಗಿದ್ದಳು. ಬೇಕೆಂದು ಬಾಯಿಬಿಟ್ಟು ಹೇಳುವ ರೂಢಿ ಆ ಮನೆಯಲ್ಲಿ ಇರಲಿಲ್ಲ, ಅಷ್ಟೇ.

"ಗಂಗಾವತಿ ನೋಡಬೇಕಂತ ಭಾಳ ದಿನದಿಂದ ಇತ್ತು" ಎಂದಳು ಮಗನಿಗೆ. "ನಡಿ, ನೋಡಿ ಬರೂಣು."

ಯುದ್ಧದ ಕಾಲ. ಯಾರ ಯಾರ ನಡುವಿನ ಯುದ್ಧ ಎಂಬುದರಲ್ಲಿ ತಳಕಲ್ಲಿನಲ್ಲಿ ಒಮ್ಮತವಿರಲಿಲ್ಲ, ಸೀಮೆಎಣ್ಣೆ ಸಿಗುವುದಿಲ್ಲ ಎಂಬುದರಲ್ಲಿ ಇತ್ತು. ರೈಲಿನಲ್ಲಿ ಕೊಪ್ಪಳ ಮುಟ್ಟೋಣ ಎಂದ ವೆಂಕೋಬ. ಕರೆದರೆ ನಿಲ್ಲದ ಗಾಡಿಯನ್ನು ತಾನು ಹತ್ತುವುದಿಲ್ಲ ಎಂದಳು ಹೊಳಿಯಮ್ಮ. ದೊಡ್ಡ ಗಂಟು ಕಟ್ಟಿದಳು. ಒಣಗಿಸಿದ ಕಟಕಟಿ ರೊಟ್ಟಿ, ಶೇಂಗಾ ಚಟ್ನಿ, ಕೆಂಪು ಖಾರ, ಉಳ್ಳಾಗಡ್ಡಿ. ಹೋಗುವುದಕ್ಕೆ, ಅಲ್ಲಿರುವುದಕ್ಕೆ, ಬರುವುದಕ್ಕೆ ಸಾಲಬೇಕು. ಬೀಗರ ಮನೆಯ ಅನ್ನ ಮುಟ್ಟಬಾರದೆಂಬುದು ಅವಳ ಗಟ್ಟಿ ನಿರ್ಧಾರ. ಕರೆಯಲು ಹೋಗುವುದೇ ಅರ್ಧ ಸೋತ ಹಾಗೆ, ಉಂಡರೆ ಪೂರ್ತಿ ಸೋತ ಹಾಗೆ.

ಕೊಪ್ಪಳದವರೆಗೆ ಎತ್ತಿನ ಗಾಡಿ. ಅಲ್ಲಿಯ ತನಕ ಹೊಳಿಯಮ್ಮ ಕಂಡ ದೊಡ್ಡ ಊರು ಯಲಬುರ್ಗಿ ಒಂದೇ, ಯಾವ ಊರನ್ನಾದರೂ ಅದರ ಪಕ್ಕಕ್ಕೆ ಇಟ್ಟು ಅಳೆಯುತ್ತಿದ್ದಳು. ಕೊಪ್ಪಳದ ಗುಡ್ಡದ ಮೇಲಿನ ಕೋಟೆಯನ್ನು ತಲೆಯೆತ್ತಿ ನೋಡಿ, "ಇಷ್ಟು ಕಲ್ಲು ಮ್ಯಾಲ ಹೊತ್ತು ಹಾಕಿದ್ರಲ್ಲ, ಕೆಳಗ ಜಾಗ ಇರಲಿಲ್ಲೇನು?" ಎಂದಳು. ಪೇಟೆಯಲ್ಲಿ ಒಂದು ಖಾನಾವಳಿ ಇತ್ತು. ಜನ ದುಡ್ಡು ಕೊಟ್ಟು ಒಳಗೆ ಹೋಗಿ ಊಟ ಮಾಡಿ ಬರುತ್ತಿದ್ದರು. ಹೊಳಿಯಮ್ಮ ಅದರ ಮುಂದೆ ಬಹಳ ಹೊತ್ತು ನಿಂತಳು.

"ಇವರಿಗೆಲ್ಲ ಊರಾಗ ಬಳಗ ಇಲ್ಲೇನೋ?"

"ಇರಬೌದು ಯವ್ವಾ. ಹಸಿವು ಆದಾಗ ಇಲ್ಲಿ ಉಣತಾರ."

"ಪಾಪ. ಯಲಬುರ್ಗ್ಯಾಗ ಇಷ್ಟು ಮಂದಿ ಅನಾಥರಿಲ್ಲ" ಎಂದು ನಿಟ್ಟುಸಿರು ಬಿಟ್ಟಳು. ಕೊಪ್ಪಳದ ಬಗ್ಗೆ ಅವಳ ಅಭಿಪ್ರಾಯ ಅಲ್ಲಿಗೆ ಮುಗಿಯಿತು, ಮುಂದೆ ಯಾರು ಎಷ್ಟು ಹೇಳಿದರೂ ಬದಲಾಗಲಿಲ್ಲ.

ಗಂಗಾವತಿ ಬಸ್ಸು ಬೇವಿನ ಮರದ ಕೆಳಗೆ ನಿಂತಿತ್ತು. ಪೆಟ್ರೋಲ್ ಸಿಗದ ಕಾಲವಾದ್ದರಿಂದ ಬಸ್ಸಿನ ಹಿಂದೆ ದೊಡ್ಡ ಕಬ್ಬಿಣದ ಒಲೆ ಕಟ್ಟಿ, ಇದ್ದಿಲು ಉರಿಸಿ, ಅದರ ಹೊಗೆಯಿಂದ ಓಡಿಸುತ್ತಿದ್ದರು. ಹೊಳಿಯಮ್ಮ ಒಲೆಯನ್ನು ಸುತ್ತ ತಿರುಗಿ ನೋಡಿದಳು. ಒಲೆ ಇದೆ, ಇದ್ದಿಲು ಇದೆ, ಊದುವವನಿದ್ದಾನೆ. ಡ್ರೈವರನ ಹತ್ತಿರ ಹೋಗಿ ವಿಚಾರಿಸಿದಳು.

"ಅಡಿಗಿ ಯಾವಾಗ ಆಗತೈತಿ, ತಮ್ಮಾ?"

"ಅಡಿಗಿಗಲ್ಲಬೇ ಅದು. ಬಸ್ಸು ಓಡಾಕ."

"ಬಸ್ಸಿಗೆ ಒಲಿ ಹಚ್ಚೀರಿ, ಮಂದಿಗಿಲ್ಲ" ಎಂದು ಹೊಳಿಯಮ್ಮ ಹತ್ತಿ ಕೂತಳು.

ಬಸ್ಸು ಒಂದಷ್ಟು ದೂರ ಓಡಿತು. ಆಮೇಲೆ ಏರು ಬಂತು. ಡ್ರೈವರ್ ಎಲ್ಲರನ್ನೂ ಇಳಿಸಿದ, ಗಂಡಸರು ತಳ್ಳಿದರು, ಹೆಂಗಸರು ಹಿಂದೆ ನಡೆದರು. ಏರು ಮುಗಿದ ಮೇಲೆ ಹತ್ತಿದರು. ಮತ್ತೊಂದು ಏರು ಬಂತು, ಮತ್ತೆ ಇಳಿದರು. ದುಡ್ಡು ಕೊಟ್ಟು ಹತ್ತಿ, ಇಳಿದು ತಾವೇ ನೂಕಿಕೊಂಡು ಹೋಗುವ ಈ ಪದ್ಧತಿಯ ಬಗ್ಗೆ ಯಾರೂ ಚಕಾರ ಎತ್ತದ್ದನ್ನು ಕಂಡು, ಪೇಟೆಯ ಮಂದಿ ತಾಳ್ಮೆಯುಳ್ಳವರು ಎಂದು ಹೊಳಿಯಮ್ಮ ಮೆಚ್ಚಿದಳು. ಎತ್ತಾಗಿದ್ದರೆ ಒಮ್ಮೆಯಾದರೂ ಒದೆಯುತ್ತಿತ್ತು.

ಗಿಣಿಗೇರಿ ದಾಟಿದ ಮೇಲೆ ಬೆಂಕಿಯೇ ಆರಿತು. ಡ್ರೈವರ್ ಒಲೆ ಬಿಚ್ಚಿ ಬೂದಿ ತೆಗೆಯತೊಡಗಿದ. ಹೊಳಿಯಮ್ಮ ಮೂರು ಸಲಹೆ ಕೊಟ್ಟಳು. ಅವನು ಒಂದನ್ನೂ ಕೇಳಲಿಲ್ಲ. ಹೊತ್ತು ಏರಿ, ನೆತ್ತಿಗೆ ಬಂದು, ಇಳಿಯಿತು. ಪಕ್ಕದಲ್ಲಿ ಕುಷ್ಟಗಿಯ ಕಾಳಪ್ಪ ಎಂಬ ಹಿರಿಯ ಕೂತಿದ್ದ, ಕಣಜ ತುಂಬಲು ಭತ್ತ ನೋಡಿಬರಲು ಹೊರಟವನು. ತಮ್ಮೂರ ಬಾವಿ ಎಷ್ಟು ಆಳ ಎಂಬುದನ್ನು ಬಿಟ್ಟು ಬೇರೆ ಮಾತು ಅವನಿಗಿರಲಿಲ್ಲ. ಆ ಆಳವನ್ನು ಹೇಳಿ ಹೇಳಿ ಅವನ ಗಂಟಲು ಒಣಗಿತು, ಹೊಟ್ಟೆಯೂ ಹಸಿಯಿತು. ಹೊಳಿಯಮ್ಮ ಗಂಟು ಬಿಚ್ಚಿ ಒಂದು ರೊಟ್ಟಿ ಕೊಟ್ಟಳು.

ಕಾಳಪ್ಪ ಮುರಿದು ಬಾಯಿಗಿಟ್ಟು, ಅಗಿದು, ಕಣ್ಣು ಮುಚ್ಚಿದ. "ತಂಗೀ," ಎಂದ, "ಇಂಥ ರೊಟ್ಟಿ ನಮ್ಮವ್ವ ಸತ್ತ ಮ್ಯಾಲ ತಿಂದಿಲ್ಲ."

ಈ ಮಾತು ಬಸ್ಸಿಗೆಲ್ಲ ಕೇಳಿಸಿತು. ಕೇಳಿಸಿದವರು ತಿರುಗಿ ನೋಡಿದರು. ನೋಡಿದವರಿಗೆಲ್ಲ ಹೊಳಿಯಮ್ಮ ಒಂದೊಂದು ಕೊಟ್ಟಳು, ಹೊಗಳಿದವರಿಗೆ ಎರಡು. ವೆಂಕೋಬ, "ಯವ್ವಾ, ಸಾಕು" ಎಂದ. "ಸುಮ್ನಿರೋ, ಹಸದ ಮಂದಿ" ಎಂದಳು. ಕಡೆಗೆ ಡ್ರೈವರನೂ ಕೈ ಒರೆಸಿಕೊಂಡು ಬಂದ. ಅವನಿಗೆ ಕೊಟ್ಟದ್ದೇ ಕೊನೆಯದು. ಅವನು ತಿಂದು ಹೋಗಿ ಊದಿದಾಗ ಬೆಂಕಿ ಹತ್ತಿತು. ರೊಟ್ಟಿಯ ಬಲ ಎಂದು ಹೊಳಿಯಮ್ಮ ಎಲ್ಲರಿಗೂ ತಿಳಿಸಿದಳು. ಗಂಟಿನಲ್ಲಿ ಬಟ್ಟೆ ಮಾತ್ರ ಉಳಿಯಿತು. ಅವಳೂ ಮಗನೂ ಏನೂ ತಿಂದಿರಲಿಲ್ಲ.

ಗಂಗಾವತಿ ಹತ್ತಿರವಾದಂತೆ ನೆಲ ಹಸಿರಾಯಿತು. ಹಳೆಯ ಕಾಲುವೆಯ ಬಯಲು. ರಸ್ತೆಯ ಎರಡೂ ಕಡೆ ಪೈರು ಮೊಳಕಾಲುದ್ದ ನೀರಿನಲ್ಲಿ ನಿಂತಿತ್ತು. ಬಸ್ಸು ನೀರು ಹಾಕಿಸಿಕೊಳ್ಳಲು ನಿಂತಾಗ ಹೊಳಿಯಮ್ಮ ಇಳಿದು, ಬದುವಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ರೈತನ ಹತ್ತಿರ ಹೋದಳು. ಸೆರಗು ಹೊದ್ದು, ಸತ್ತವರ ಮನೆಗೆ ಹೋದಾಗ ನಿಲ್ಲುವ ಹಾಗೆ ನಿಂತಳು.

"ಎಲ್ಲಾ ಹೊಲ ಮುಳುಗಿತೇನಪಾ?"

ಅವನು ಬೀಡಿ ಬಾಯಿಂದ ತೆಗೆದ. "ಏನ್ರಬೇ?"

"ನೀರು ನಿಂತೈತಿ. ಬೇರು ಕೊಳತು ಹೋಗಿರಬೇಕು. ಧೈರ್ಯ ತಗೋ. ಮುಂದಿನ ವರ್ಷ ದೇವರು ಕಣ್ಣು ತೆರೀತಾನ."

ರೈತ ತನ್ನ ಪೈರನ್ನು ನೋಡಿದ, ಅವಳನ್ನು ನೋಡಿದ. ಇದು ಭತ್ತ, ಇದಕ್ಕೆ ನೀರು ನಿಲ್ಲಲೇಬೇಕು ಎಂದು ತಿಳಿಸಿ ಹೇಳಬಹುದಿತ್ತು. ಅಷ್ಟು ಮರುಕದಿಂದ ಯಾರೂ ಅವನನ್ನು ಮಾತಾಡಿಸಿ ಬಹಳ ದಿನವಾಗಿತ್ತೋ ಏನೋ. "ಆಗಲ್ರಬೇ. ನೀವು ಹೇಳಿದ್ರಲ್ಲ, ಅಷ್ಟು ಸಾಕು" ಎಂದ. ಹೊಳಿಯಮ್ಮ ಕಣ್ಣೊರೆಸಿಕೊಂಡು ಬಸ್ಸು ಹತ್ತಿದಳು. ಮುಂದೆ ದಾರಿಯುದ್ದಕ್ಕೂ ಎಲ್ಲ ಹೊಲಗಳೂ ಮುಳುಗಿದ್ದನ್ನು ನೋಡುತ್ತ, ಈ ಊರವರು ಇಷ್ಟು ಅನಾಹುತ ಆದರೂ ಬೀಡಿ ಸೇದುತ್ತ ಕೂತಿದ್ದಾರಲ್ಲ ಎಂದು ಬೆರಗಾದಳು.

ಗಂಗಾವತಿಯಲ್ಲಿ ಗಿರಣಿಯ ತೌಡಿನ ಧೂಳು ಮನೆಗಳ ಮೇಲೆಲ್ಲ ಕೂತಿತ್ತು. ಕೋಳಿಗಳು ಕೊಬ್ಬಿ ಓಡಲಾರದೆ ನಡೆಯುತ್ತಿದ್ದವು. ನಾಯಿಯ ಮುಂದೆಯೂ ಅನ್ನವಿತ್ತು. ಒಬ್ಬ ಗಂಡಸು ಗಿರಣಿಯ ಬಾಗಿಲಲ್ಲಿ ಮೈಯೆಲ್ಲ ಬೆಳ್ಳಗೆ ಮಾಡಿಕೊಂಡು ನಿಂತಿದ್ದ. ಅವನೇ ಆ ಉಡಿಕೆಯ ವರನಿರಬಹುದು ಎಂದು ಹೊಳಿಯಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಅವನು ಯಾರೋ, ಪಾಪ, ಎರಡು ಹೆಜ್ಜೆ ಹಿಂದೆ ಸರಿದ.

ಫಕೀರಮ್ಮನ ಮನೆಯಲ್ಲಿ ಕಾಲಿಗೆ ನೀರು ಕೊಟ್ಟರು. ಕಂಬಳಿ ಹಾಸಿದರು. ಯಾವುದರಲ್ಲೂ ಕೊರತೆ ಮಾಡಲಿಲ್ಲ, ಯಾವುದರಲ್ಲೂ ನಗಲಿಲ್ಲ. ರೊಟ್ಟಿ ಹೊತ್ತು ತಿರುಗಿದ ಬೀಗತಿ ಬಂದಿದ್ದಾಳೆಂದು ಆ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಬಾಗಿಲ ಹತ್ತಿರ ಕೂತರು. ಒಬ್ಬಳು ಬೆಂಕಿ ಕೇಳಲು ಬಂದಿದ್ದಳು, ಒಬ್ಬಳು ಹೆಪ್ಪು ಕೇಳಲು. ಕೇಳಿದ್ದು ಸಿಕ್ಕ ಮೇಲೂ ಎದ್ದು ಹೋಗಲಿಲ್ಲ. ಯಮನೂರಮ್ಮ ಒಳಗಿದ್ದಳು. ಪಾತ್ರೆಯ ಸದ್ದು ಬರುತ್ತಿತ್ತು, ಅವಳು ಬರಲಿಲ್ಲ.

"ಏಳ್ರಿ ಬೀಗರ, ಊಟಕ್ಕ" ಎಂದಳು ಫಕೀರಮ್ಮ. ವೆಂಕೋಬ ಕರೆಯುವ ಮೊದಲೇ ಎದ್ದಿದ್ದ.

ಹೊಳಿಯಮ್ಮ ಬರಿದಾದ ಗಂಟನ್ನು ನೋಡಿದಳು. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ. ಒಳಗಿನಿಂದ ಬಂದ ಸಾರಿನ ವಾಸನೆ ಕೆಟ್ಟದಾಗಿರಲಿಲ್ಲ. ಎದ್ದು ಊಟಕ್ಕೆ ಕೂತಳು.

ಮುಂದೆ ಮುತ್ತಗದ ಎಲೆ ಹೆಣೆದ ಪತ್ರೋಳಿ ಬಿತ್ತು, ಅದರ ಮೇಲೆ ಬೆಳ್ಳನೆ ಅನ್ನ ಗುಡ್ಡದ ಹಾಗೆ ಬಿತ್ತು, ಅದರ ಮೇಲೆ ನೀರಿನಂಥ ಹುಳಿಸಾರು ಬಿತ್ತು. ಸಾರು ನಿಲ್ಲಲಿಲ್ಲ. ಗುಡ್ಡದಿಂದ ಇಳಿದು ಎಲೆಯ ಈ ಅಂಚಿಗೆ ಬಂತು. ಹೊಳಿಯಮ್ಮ ಅಂಗೈ ಅಡ್ಡ ಹಿಡಿದಳು, ಆ ಅಂಚಿಗೆ ಹೋಯಿತು. ಅಲ್ಲಿಗೆ ಕೈ ಒಯ್ದರೆ ಇಲ್ಲಿಂದ ಇಳಿಯಿತು. ಮನೆಯಲ್ಲಿ ಜ್ವರಕ್ಕೆ ಗಂಜಿ ಕುಡಿದಿದ್ದರೂ ಬಟ್ಟಲಿನಲ್ಲಿ. ಮದುವೆಯಲ್ಲಿ ಸಾರು ಬರುವ ಹೊತ್ತಿಗೆ ಅವಳು ಕೈ ತೊಳೆದಿರುತ್ತಿದ್ದಳು. ಈ ವಿದ್ಯೆ ಅವಳಿಗೆ ಗೊತ್ತೇ ಇರಲಿಲ್ಲ. ಎಡಗೈಯನ್ನೂ ಹಾಕಿದಳು. ಸಾರು ನೆಲಕ್ಕೆ ಇಳಿದು, ದಾರಿ ಹಿಡಿದು, ಅವಳ ಸೀರೆಗೆ ಬಂದು ಸೇರಿತು.

ಬಾಗಿಲ ಹತ್ತಿರ ಕೂತವರಲ್ಲಿ ಒಬ್ಬಳು ಕೆಮ್ಮಿದಳು. ಇನ್ನೊಬ್ಬಳು ಸೆರಗು ಬಾಯಿಗಿಟ್ಟುಕೊಂಡಳು. ಫಕೀರಮ್ಮ ಸಾರಿನ ಸೌಟು ಹಿಡಿದುಕೊಂಡೇ ಒಳಕ್ಕೆ ಕೂಗಿದಳು.

"ಯಮನೂರೀ, ಬಾ ಇಲ್ಲೆ. ನಿಮ್ಮತ್ತಿ ಊಟ ಮಾಡೋದು ನೋಡು ಬಾ."

ಹೊಳಿಯಮ್ಮ ತಲೆ ತಗ್ಗಿಸಿದಳು. ಕೈ ಎರಡೂ ಅನ್ನದಲ್ಲಿದ್ದವು, ಎತ್ತಿಕೊಳ್ಳುವ ಧೈರ್ಯ ಆಗಲಿಲ್ಲ. ಇಷ್ಟು ಜನ ತನ್ನ ಕೈಯನ್ನೇ ನೋಡುತ್ತಿರುವಾಗ ಮೈ ಹೇಗೆ ಸುಡುತ್ತದೆ ಎಂಬುದು ಅವಳಿಗೆ ಮೊದಲ ಸಲ ತಿಳಿಯಿತು. ಎದ್ದು ನಡೆದು ತಳಕಲ್ಲಿಗೆ ಹೋಗಿಬಿಡಬೇಕು ಅನ್ನಿಸಿತು. ಬಸ್ಸಿಗೂ ಕಾಯಬಾರದು ಅನ್ನಿಸಿತು.

ಯಮನೂರಮ್ಮ ಬಂದಳು. ಅತ್ತೆಯನ್ನು ನೋಡಿದಳು, ಎಲೆಯನ್ನು ನೋಡಿದಳು, ಬಾಗಿಲ ಕಡೆ ನೋಡಿದಳು.

"ನೋಡೋದೇನೈತಿ ಇದ್ರಾಗ?" ಎಂದಳು ತಾಯಿಗೆ. "ಗೊತ್ತಿಲ್ಲದ್ದು ಯಾರಿಗೂ ಬರೂದಿಲ್ಲ."

ಅತ್ತೆಯ ಎದುರಿಗೆ ಕುಕ್ಕರಗಾಲಲ್ಲಿ ಕೂತಳು. "ಕೈ ತಗೀರಿ ಅತ್ತೀ" ಎಂದು, ಅನ್ನದ ನಡುವೆ ಬೆರಳಿನಿಂದ ಗುಣಿ ಮಾಡಿದಳು. ಸುತ್ತ ಒಡ್ಡು ಕಟ್ಟಿ ಒತ್ತಿದಳು. ಗುಣಿಗೆ ಸಾರು ಹಾಕಿದಳು. ನಿಂತಿತು. "ಒಡ್ಡು ಒಮ್ಮೆಲೇ ಒಡೀಬ್ಯಾಡ್ರಿ. ನಿಮ್ಮ ಕಡಿಗೆ ಇದ್ದದ್ದು ಮೊದಲು ಕಲಸ್ರಿ." ಅವಳ ದನಿಯಲ್ಲಿ ಸಿಟ್ಟೂ ಇರಲಿಲ್ಲ, ಸಲಿಗೆಯೂ ಇರಲಿಲ್ಲ. ಕರುವಿಗೆ ಹುಲ್ಲು ಹಾಕುವವರ ದನಿ ಇರುತ್ತದಲ್ಲ, ಹಾಗಿತ್ತು.

ಹೊಳಿಯಮ್ಮ ಹೇಳಿದ ಹಾಗೆ ಕಲಸಿದಳು. ಒಂದು ತುತ್ತು ಉಂಡಳು, ಇನ್ನೊಂದು ಉಂಡಳು. ಮೂರನೆಯದನ್ನು ತಿರುಗಿ ಎಲೆಯ ಮೇಲಿಟ್ಟಳು.

"ನಾ ಅವತ್ತು ಮಾಡಿದ್ದು ತಪ್ಪಾತವ್ವಾ" ಎಂದಳು.

ಈ ಮಾತನ್ನು ಅವಳು ಹಿಂದೆ ಯಾರಿಗೂ ಹೇಳಿರಲಿಲ್ಲ. ಅವಳ ಗಂಡ ಇದನ್ನು ಕೇಳಬೇಕೆಂದು ಇಪ್ಪತ್ತು ವರ್ಷ ಕಾದು, ಸಾಕಾಗಿ, ತೀರಿಕೊಂಡಿದ್ದ. ವೆಂಕೋಬನ ಕೈ ಬಾಯಿಯ ಹತ್ತಿರವೇ ನಿಂತಿತು. ಹೆಪ್ಪು ಕೇಳಲು ಬಂದವಳು ಎದ್ದು ಹೋದಳು, ಅವಳ ಹಿಂದೆ ಉಳಿದವರೂ ಹೋದರು.

"ಬಾ ಮನಿಗೆ" ಎಂದಳು ಹೊಳಿಯಮ್ಮ. "ನೀ ಇಲ್ದ ಮನಿ ಮನಿಯಾಗಿಲ್ಲ."

ಯಮನೂರಮ್ಮ ಒಡೆಯುತ್ತಿದ್ದ ಒಡ್ಡನ್ನು ಸುತ್ತಲೂ ಒತ್ತಿ ಸರಿಮಾಡಿದಳು.

"ಬರತೀನ್ರಿ. ಆದ್ರ ನಾ ರೊಟ್ಟಿ ಬಡಿಯಾಗ ನೀವು ಒಳಗ ಇರಬಾರದು."

"ಮತ್ತ ಎಲ್ಲಿರ್ಲಿ?"

"ಎಲ್ಲಿರ ಇರ್ರಿ. ಕಟ್ಟಿ ಮ್ಯಾಲ ಕುಂದರ್ರಿ. ಒಳಗ ಹಣಕಿ ನೋಡಬಾರದು, ಕೇಳಬಾರದು, ಹಾಕಿದ್ದು ಉಣಬೇಕು."

"ಎಷ್ಟು ದಿನ?"

"ನಾ ಕರಿಯೋಮಟ."

ಫಕೀರಮ್ಮ ಬೀಗತಿಯ ಮುಖ ನೋಡಿದಳು. ಇಂಥ ಕರಾರಿಗೆ ಯಾವ ಅತ್ತೆ ಒಪ್ಪುತ್ತಾಳೆ? ಹೊಳಿಯಮ್ಮ ಎಲೆಯ ಮೇಲಿದ್ದ ಅನ್ನವನ್ನು ಒಂದಗುಳೂ ಬಿಡದೆ ಉಂಡು ಮುಗಿಸಿದಳು. "ಆತು" ಎಂದಳು.

ತಳಕಲ್ಲಿಗೆ ಬಂದ ಮಾರನೆಯ ಬೆಳಗಿನಿಂದ ಅವಳು ಕಟ್ಟೆಯ ಮೇಲೆ. ಒಳಗೆ ಹಿಟ್ಟು ಬಡಿಯುವ ಸದ್ದು ಶುರುವಾಗುತ್ತಿತ್ತು. ಸದ್ದಿನಲ್ಲೇ ಎಲ್ಲ ತಿಳಿಯುತ್ತಿತ್ತು ಅವಳಿಗೆ. ನಡುವೆ ದಪ್ಪ ಬಿಟ್ಟಿದ್ದಾಳೆ, ಈಗ ಅಂಚು ಹರಿಯುತ್ತದೆ, ಕೈ ಒಣಗಿದೆ ನೀರು ಹಚ್ಚಿಕೊಳ್ಳುತ್ತಿಲ್ಲ. ಹೇಳಬೇಕಾದ ಮಾತು ನಾಲಿಗೆಯ ತುದಿಗೆ ಬಂದು ಕೂರುತ್ತಿತ್ತು. ಎರಡೂ ಕೈಯಿಂದ ಕಟ್ಟೆಯ ಕಲ್ಲನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತಿದ್ದಳು.

"ಯಾಕಬೇ ಹೊಳಿಯವ್ವಾ, ಹೊರಗ ಕುಂತಿ? ಸೊಸಿ ರೊಟ್ಟಿ ಹೆಂಗ ಮಾಡತಾಳೀಗ?" ಎಂದು ನೀರಿಗೆ ಹೋಗುವ ಹೆಂಗಸರು ಬೇಕೆಂದೇ ಕೇಳುತ್ತಿದ್ದರು.

"ನನಗೇನು ಗೊತ್ತು? ಹೊರಗದೀನಲ್ಲ" ಎನ್ನುತ್ತಿದ್ದಳು.

ಮಳೆ ಬಂದ ದಿನವೂ ಗೋಣಿ ತಟ್ಟು ಹೊದ್ದು ಅಲ್ಲೇ ಕೂತಳು. ವೆಂಕೋಬ ಬಂದು, "ಇವತ್ತ ಒಂದಿನ ಒಳಗ ಬಾರಬೇ, ಆಕಿ ಏನೂ ಅನ್ನೂದಿಲ್ಲ" ಎಂದ. ಒಳಗೆ ಒಂದು ರೊಟ್ಟಿ ಹರಿದಿರಬೇಕು. ಬಡಿತ ನಿಂತು, ಯಮನೂರಮ್ಮ ಒಳಗೇ ಕಟ್ಟಿದ್ದ ಆಕಳಿಗೆ ಏನೋ ಹೇಳಿ ತಾನೇ ನಕ್ಕಳು.

"ಬಾಯಿ ಮುಚ್ಚೋ" ಎಂದಳು ಹೊಳಿಯಮ್ಮ ಮಗನಿಗೆ. "ಆಕಿ ಕರದಿಲ್ಲ ಇನ್ನೂ."